ರೈಲಿಲ್ಲದ ಜಿಲ್ಲೆಯಲ್ಲಿ ರೈಲು ಸಾಗಿಸಿದ ಬಗೆ

ಹೊಸ ಕಂಪ್ಯೂಟರ್ ಕೊಂಡವರಿಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಹಳೆಯದರಲ್ಲಿ ಇರುವುದನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡು ಹೊಸದಕ್ಕೆ ಹಾಕಿದರಾಯಿತು. ಮದುವೆಯ ಫೋಟೋಗಳಿಗೆ, ತೋಟದ ಆಳಿನ ಲೆಕ್ಕಕ್ಕೆ ಈ ಮಾತು ಸರಿಯಾಗಿಯೇ ಹೊಂದುತ್ತದೆ. ರೈಲು ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ರೈಲು ಓಡಿಸುವ ಆಟ, ಇಟ್ಟುಕೊಂಡವರ ಮಟ್ಟಿಗೆ ಇದು ಅರ್ಧ ಸತ್ಯ. ಉಳಿದರ್ಧ ಎಲ್ಲಿ ಅಡಗಿದೆ ಎಂದು ಹುಡುಕುವುದರಲ್ಲೇ ಈ ಸಲದ ಮಳೆಗಾಲದ ಬಹುಪಾಲು ಸಂಜೆಗಳು ನನಗೆ ಕಳೆದುಹೋದವು. ವರ್ಷಾನುಗಟ್ಟಲೆ ಕೂಡಿಟ್ಟ ಮಾರ್ಗಗಳು, ಎಂಜಿನ್‌ಗಳು, ಬೋಗಿಗಳು, ಸಿಗ್ನಲ್ ಕಂಬಗಳು, ಹಾರ್ನಿನ ದನಿಗಳು ಎಲ್ಲವೂ ಸೇರಿ ಲಕ್ಷಗಟ್ಟಲೆ ಸಣ್ಣ ಫೈಲ್‌ಗಳಾಗಿ ಹರಡಿಕೊಂಡಿದ್ದವು. ಅವನ್ನು ಸಾಗಿಸುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ದುಡ್ಡು ಕೊಟ್ಟು ಕೊಂಡದ್ದೆಲ್ಲ ಪಾಸ್‌ವರ್ಡ್ ಹಾಕಿದ ಕೂಡಲೇ ತಾನಾಗಿ ಬಂದು ಹೊಸ ಯಂತ್ರದಲ್ಲಿ ಕುಳಿತಿತು. ಯಾರೋ ಪುಕ್ಕಟೆಯಾಗಿ ಕೊಟ್ಟದ್ದನ್ನು, ನಾನು ಕೈಯಾರೆ ಮಾಡಿದ್ದನ್ನು ಮಾತ್ರ ನಾನೇ ಹೊತ್ತು ತರಬೇಕಾಯಿತು.

ಕೊಡಗಿನವನಿಗೆ ರೈಲಿನ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುವವರು ಇನ್ನೂ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿಲೋಮೀಟರ್ ಮಾರ್ಗವಾಗುತ್ತದೆ ಎಂಬ ಮಾತು ಚುನಾವಣೆಯಿಂದ ಚುನಾವಣೆಗೆ ಕೇಳಿಬರುತ್ತದೆ. ಬೇಕೆನ್ನುವವರೂ ಇದ್ದಾರೆ, ಕಾಡು ಹಾಳಾಗುತ್ತದೆ ಎನ್ನುವವರೂ ಇದ್ದಾರೆ. ಆದರೆ ಶನಿವಾರಸಂತೆ ಕಡೆಯ ನಮಗೆ ಮೈಸೂರಿಗಿಂತ ಸಕಲೇಶಪುರವೇ ಹತ್ತಿರ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿ ಮಾರ್ಗ, ಅದರ 57 ಸುರಂಗಗಳು, 50 ಅಡಿಗೆ ಒಂದು ಅಡಿ ಏರುವ ಇಳಿಜಾರು, ಇವೇ ನನ್ನ ಹುಚ್ಚಿಗೆ ಕಾರಣ. ಕೊಡಗಿಗೆ ಬಾರದ ರೈಲು ಕೊಡಗಿನ ಗಡಿಯ ಆಚೆಗೇ ಪಶ್ಚಿಮ ಘಟ್ಟವನ್ನು ಇಳಿಯುತ್ತದೆ.

ಆ ಘಾಟಿಯನ್ನು ಸಿಮ್ಯುಲೇಟರಿನಲ್ಲಿ ನಾನೇ ಕಟ್ಟತೊಡಗಿ ಬಹಳ ಕಾಲವಾಯಿತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಭೂಮಿಯ ಎತ್ತರದ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿದರೆ ಬೆಟ್ಟಗಳು ತಾವಾಗಿಯೇ ಏಳುತ್ತವೆ. ಆದರೆ ನಾನು ಶುರು ಮಾಡಿದಾಗ ನಮ್ಮ ಭಾಗಕ್ಕೆ ಸಿಗುತ್ತಿದ್ದುದು ಸುಮಾರು 90 ಮೀಟರಿಗೆ ಒಂದು ಬಿಂದುವಿನಂತೆ ತೆಗೆದ ಅಳತೆ. ಎಡಕುಮೇರಿಯ ಕಡೆ ಕಡಿದಾದ ಕಣಿವೆಗಳು ಆ ಅಳತೆಯಲ್ಲಿ ಮೆತ್ತಗಾಗಿ, ಸೇತುವೆ ನಿಲ್ಲಬೇಕಾದ ಕಡೆ ಗುಡ್ಡದ ಹೊಟ್ಟೆಯೇ ಬಂದು ನಿಂತಿತ್ತು. ನಾನು ಬಳಸಿದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಆಟದಲ್ಲಿ ನೆಲವೆಲ್ಲ 2048 ಮೀಟರ್ ಅಗಲದ ಚೌಕಗಳು. ಒಂದೊಂದು ಚೌಕದಲ್ಲೂ ಕಣಿವೆಯನ್ನು ಕೈಯಿಂದ ಅಗೆದು, ದಿಣ್ಣೆಯನ್ನು ತಗ್ಗಿಸಿ ಕೂಡಿಸಿದ್ದೇನೆ. ಹಗಲಿನ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು, ಸುರಂಗದ ಬಾಯಿಯಲ್ಲಿ ಬರೆದ ಸಂಖ್ಯೆ ಮತ್ತು ಉದ್ದ, ಹಳಿಯ ಪಕ್ಕದ ಇಳಿಜಾರಿನ ಫಲಕ ಇವನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತ ಹೋದದ್ದು ನೆನಪಿದೆ. ಸುರಂಗದೊಳಗೆ ಬೋಗಿಯೆಲ್ಲ ಕಿರುಚುವ ಮಕ್ಕಳು, ಕಾಲೇಜು ಹುಡುಗರು. ಬೆಳಕಿಗೆ ಬಂದ ಆ ಕೆಲವೇ ಸೆಕೆಂಡುಗಳಲ್ಲಿ ಬರೆದು ಮುಗಿಸಬೇಕು, ಅಷ್ಟರಲ್ಲಿ ಮುಂದಿನ ಕತ್ತಲೆ. ಎದುರು ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, “ಸರ್ವೆಗೆ ಬಂದಿದ್ದೀರಾ, ಸ್ವಾಮಿ?” ಎಂದು ವಿಚಾರಿಸಿದರು. ಹೌದೆನ್ನಲೂ ಆಗದೆ ಅಲ್ಲವೆನ್ನಲೂ ಆಗದೆ ನಕ್ಕು ಸುಮ್ಮನಾದೆ.

ಇಷ್ಟೆಲ್ಲ ಹೇಳಿದ್ದು ಹಳೆಯ ಕಂಪ್ಯೂಟರಿನಲ್ಲಿ ಏನಿತ್ತು ಎಂಬುದು ತಿಳಿಯಲೆಂದು. ಅಲ್ಲಿದ್ದ ಬಹಳಷ್ಟನ್ನು ಯಾವ ಅಂಗಡಿಯಿಂದಲೂ ಮತ್ತೆ ಇಳಿಸಿಕೊಳ್ಳಲಾಗದು.

ಹೆಸರು ಮತ್ತು ಜಾಗ

ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಬಂದದ್ದು 2001ರಲ್ಲಿ, ಎರಡು ಸಿ.ಡಿ.ಗಳಲ್ಲಿ. ಅದರ ಎರಡನೆಯ ಆವೃತ್ತಿ ಬರುತ್ತದೆಂದು ಎರಡು ಸಲ ಘೋಷಣೆಯಾಗಿ ಎರಡು ಸಲವೂ ನಿಂತುಹೋಯಿತು: ಮೊದಲು 2004ರಲ್ಲಿ, ಮತ್ತೆ 2009ರಲ್ಲಿ. ಕಂಪನಿ ಕೈಬಿಟ್ಟ ಆಟವನ್ನು ಹವ್ಯಾಸಿಗಳು ಬಿಡಲಿಲ್ಲ. ಅದೇ ಮಾರ್ಗಗಳನ್ನು, ಅದೇ ಎಂಜಿನ್‌ಗಳನ್ನು ಈಗಿನ ಕಂಪ್ಯೂಟರುಗಳಲ್ಲಿ ಓಡಿಸುವ ‘ಓಪನ್ ರೈಲ್ಸ್’ ಎಂಬ ಮುಕ್ತ ತಂತ್ರಾಂಶವನ್ನು ಅವರೇ ಬರೆದರು. 2015ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ನಾನು ಈಗ ಬಳಸುವುದು ಅದನ್ನೇ. ಆದರೆ ಓಪನ್ ರೈಲ್ಸ್ ಕೇವಲ ಓಡಿಸುವ ಯಂತ್ರ. ಮಾರ್ಗ, ರೈಲು, ಹಳಿ, ದನಿ ಎಲ್ಲವೂ ಹಳೆಯ ಆಟದ ಫೋಲ್ಡರ್‌ಗಳ ಕ್ರಮದಲ್ಲೇ ಇರಬೇಕೆಂದು ಅದು ಬಯಸುತ್ತದೆ.

ತೊಂದರೆಯ ಬೇರು ಈ ಕ್ರಮದಲ್ಲಿದೆ. ಇಲ್ಲಿ ಯಾವ ವಸ್ತುವಿಗೂ ತನ್ನದೇ ಗುರುತಿನ ಸಂಖ್ಯೆ ಇಲ್ಲ. ಇರುವುದು ಹೆಸರು ಮತ್ತು ಜಾಗ ಮಾತ್ರ. ‘ರೂಟ್ಸ್’ ಫೋಲ್ಡರಿನಲ್ಲಿ ಮಾರ್ಗ, ‘ಟ್ರೈನ್ಸ್’ ಫೋಲ್ಡರಿನಲ್ಲಿ ಎಂಜಿನ್ ಮತ್ತು ಬೋಗಿ, ‘ಗ್ಲೋಬಲ್’ ಫೋಲ್ಡರಿನಲ್ಲಿ ಎಲ್ಲ ಮಾರ್ಗಗಳಿಗೂ ಬೇಕಾದ ಹಳಿಯ ತುಂಡುಗಳು. ಒಂದು ಗಾಡಿಯೆಂದರೆ ಇಂಥ ಫೋಲ್ಡರಿನ ಇಂಥ ಎಂಜಿನ್, ಅದರ ಹಿಂದೆ ಇಂಥ ಫೋಲ್ಡರಿನ ಇಂಥ ಬೋಗಿ ಎಂಬ ಒಂದು ಪಟ್ಟಿಯಷ್ಟೆ. ಎಂಜಿನ್ನಿನ ಫೈಲ್ ತೆರೆದರೆ ಅದು ತನ್ನ ಚಾಲಕನ ಕೋಣೆಗಾಗಿ ಇನ್ನೊಂದು ಎಂಜಿನ್ನಿನ ಫೋಲ್ಡರಿನತ್ತ ಬೊಟ್ಟು ಮಾಡುತ್ತದೆ. ನನ್ನ ಸಂಗ್ರಹದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನೊಂದಕ್ಕೆ ಸ್ವಂತ ದನಿಯೇ ಇರಲಿಲ್ಲ. ಅದನ್ನು ಮಾಡಿದ ಪುಣ್ಯಾತ್ಮರು ಮೂಲ ಆಟದೊಂದಿಗೆ ಬಂದಿದ್ದ ಅಮೆರಿಕದ ಡ್ಯಾಶ್-9 ಎಂಜಿನ್ನಿನ ದನಿಯನ್ನೇ ಎರವಲು ಪಡೆದಿದ್ದರು. ಡಬ್ಲ್ಯುಡಿಎಂ-2 ಮೂಲತಃ ಆಲ್ಕೋ ಎಂಬ ಅಮೆರಿಕನ್ ಕಂಪನಿಯ ವಿನ್ಯಾಸ, ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದದ್ದು. ಹಾಗಾಗಿ ದೇಶ ಒಂದೇ ಆದರೂ ಕಂಠ ಬೇರೆಯವರದು. ಆಲ್ಕೋ ಎಂಜಿನ್ನಿನ ಆ ಗಡಗಡ ಸದ್ದು ಕೇಳಿ ಬೆಳೆದವರಿಗೆ ಇದು ಸಹಿಸದು, ಇರಲಿ. ಇಲ್ಲಿ ಗಮನಿಸಬೇಕಾದದ್ದು, ಡ್ಯಾಶ್-9 ನನಗೆ ಬೇಡವೆಂದು ಅದನ್ನು ಹಳೆಯ ಕಂಪ್ಯೂಟರಿನಲ್ಲೇ ಬಿಟ್ಟು ಬಂದರೆ ನಮ್ಮ ಎಂಜಿನ್ ಮೂಕವಾಗುತ್ತದೆ. ಕಾಫಿ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು ನೆಡುವ ಹಾಗೆ ಇದನ್ನು ಸುತ್ತಮುತ್ತಲಿನದರ ಸಮೇತವೇ ತರಬೇಕು.

ಅದೇ 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಬಂದ ‘ಟ್ರೇನ್ಜ್’ ಆಟದವರು ಈ ವಿಷಯದಲ್ಲಿ ಜಾಣರು. ಅಲ್ಲಿ ಪ್ರತಿಯೊಂದು ಮರಕ್ಕೂ, ಪ್ರತಿಯೊಂದು ಬೋಗಿಗೂ ‘ಕುಯಿಡ್’ ಎಂಬ ಗುರುತಿನ ಸಂಖ್ಯೆ ಇದೆ; ಮಾಡಿದವರ ಸಂಖ್ಯೆಯೂ ಅದರೊಳಗೇ ಸೇರಿದೆ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಆಟವೇ ಬಲ್ಲದು, ಏನು ಕಾಣೆಯಾಗಿದೆ ಎಂದು ಅದೇ ಪಟ್ಟಿ ಕೊಡುತ್ತದೆ. ನನ್ನ ಟ್ರೇನ್ಜ್ ಸಂಗ್ರಹ ಚಿಕ್ಕದು. ದತ್ತಾಂಶದ ಫೋಲ್ಡರನ್ನು ಇಡಿಯಾಗಿ ತಂದು, ಅದು ಎಲ್ಲಿದೆ ಎಂದು ಆಟಕ್ಕೆ ತೋರಿಸಿ, ಅದು ತನ್ನ ಲೆಕ್ಕವನ್ನು ಹೊಸದಾಗಿ ಬರೆದುಕೊಳ್ಳುವವರೆಗೆ ಕಾಫಿ ಕುಡಿದು ಬಂದದ್ದಷ್ಟೇ ನನ್ನ ಪಾಲಿನ ಕೆಲಸ.

ಹಳಿಯಿಲ್ಲದ ರೈಲು

ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಮೂಲ ಸಿ.ಡಿ.ಗಳನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗಿರುವ ಕಡೆ ಇಟ್ಟಿದ್ದರಿಂದ ಅವು ಉಳಿದಿದ್ದವು. ನಮ್ಮ ಕಡೆ ಆಷಾಢ ಕಳೆಯುವಷ್ಟರಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಸಿ.ಡಿ.ಗೆ ಹಿಡಿಯದೆ ಇರುತ್ತದೆಯೇ? ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಅಳಿಯ, ಅಂದರೆ ನನ್ನ ಅಕ್ಕನ ಮಗ, ರಜೆಗೆ ಬಂದವನು ಹೊರಗಿನಿಂದ ಜೋಡಿಸುವ ಡ್ರೈವೊಂದನ್ನು ತಂದಿದ್ದ. ಮೂಲ ಆಟವನ್ನು ಸಿ.ಡಿ.ಯಿಂದ ಹೊಸದಾಗಿ ಹಾಕಿ, ಅದರ ಮೇಲೆ ಘಾಟಿ ಮಾರ್ಗದ ಫೋಲ್ಡರನ್ನೂ ಹಳಿಗಳ ಸೂಚಿಯ ಹೊಸ ಫೈಲನ್ನೂ ಇಟ್ಟರೆ ಮನೆ ಚೊಕ್ಕಟವಾಗಿರುತ್ತದೆ, ಹಳೆಯ ಕಸವೆಲ್ಲ ಯಾಕೆ ಎಂಬುದು ಅವನ ವಾದ. ಓದಿದ ಹುಡುಗ, ಮಾಡಲಿ ಎಂದು ನಾನೂ ಕುರ್ಚಿ ಬಿಟ್ಟುಕೊಟ್ಟೆ.

ಮಾರ್ಗ ತೆರೆಯಿತು. ಸಕಲೇಶಪುರದ ನಿಲ್ದಾಣ, ಪ್ಲಾಟ್‌ಫಾರ್ಮು, ಹಿಂದಿನ ಗುಡ್ಡ ಎಲ್ಲ ಇದ್ದವು. ಗಾಡಿ ಹೊರಟಿತು.

“ಮಾವ, ರೈಲು ಹೋಗ್ತಾ ಇದೆ, ಹಳಿ ಮಾತ್ರ ಎಲ್ಲೂ ಕಾಣ್ತಿಲ್ಲ,” ಎಂದ.

“ದೋಣಿಗಲ್ಲಿನವರೆಗೆ ಹೋಗಲಿ, ಬ್ರೇಕ್ ಹಾಕಿ ನೋಡು.”

“ನಿಂತಿತು ಮಾವ. ಸರಿಯಾಗಿ ಸ್ಟೇಷನ್ನಿನಲ್ಲೇ ನಿಂತಿತು.”

ಹಿಂದೆ ಕುಳಿತು ಕಾಳುಮೆಣಸು ಆರಿಸುತ್ತಿದ್ದ ಅಮ್ಮ, “ನಮ್ಮ ಜಿಲ್ಲೆಗೆ ಅಷ್ಟಾದರೂ ಬಂತಲ್ಲ ಬಿಡು,” ಎಂದರು.

ಹುಲ್ಲಿನ ಮೇಲೆ, ತಿರುವಿಗೆ ಸರಿಯಾಗಿ ವಾಲುತ್ತ, ಇಲ್ಲದ ಕ್ರಾಸಿಂಗಿನಲ್ಲಿ ಪಕ್ಕದ ಹಾದಿಗೆ ಸರಿಯುತ್ತ ಗಾಡಿ ಓಡುವುದನ್ನು ನೋಡುವುದೇ ಒಂದು ಚೆಂದ. ಕಾರಣ ಸರಳ. ಹಳಿ ಎಲ್ಲಿ ಹಾದುಹೋಗುತ್ತದೆ, ಎಷ್ಟು ಬಾಗುತ್ತದೆ ಎಂಬ ಲೆಕ್ಕ ಮಾರ್ಗದ ಫೋಲ್ಡರಿನಲ್ಲೂ ಆ ಸೂಚಿಯ ಫೈಲಿನಲ್ಲೂ ಇರುತ್ತದೆ. ಗಾಡಿಗೆ ಅಷ್ಟು ಸಾಕು. ಕಣ್ಣಿಗೆ ಕಾಣುವ ಹಳಿಯ ಆಕಾರವಿರುವುದು ಗ್ಲೋಬಲ್ ಫೋಲ್ಡರಿನಲ್ಲಿ. ನನ್ನ ಮಾರ್ಗದ ಹಳಿಗಳೆಲ್ಲ ಮೂಲ ಆಟದವಲ್ಲ, ಹವ್ಯಾಸಿಗಳು ಮಾಡಿ ಹಂಚಿದ್ದವು, ಸಿ.ಡಿ.ಯಲ್ಲಿ ಅವು ಬರುವುದು ಹೇಗೆ? ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಸೂಚಿಯ ಫೈಲನ್ನು ಕೊನೆಯಲ್ಲಿಟ್ಟದ್ದರಿಂದ ಬಚಾವಾಯಿತು. ಮೊದಲಿಟ್ಟು ಆಮೇಲೆ ಸಿ.ಡಿ. ಹಾಕಿದ್ದರೆ 2001ರ ಹಳೆಯ ಸೂಚಿ ಹೊಸದರ ಮೇಲೆ ಬಂದು ಕುಳಿತು, ಮಾರ್ಗ ಓಡುತ್ತಲೇ ಇರಲಿಲ್ಲ. ಯಾವುದನ್ನು ಮೊದಲು ಇಡಬೇಕು, ಯಾವುದನ್ನು ಅದರ ಮೇಲೆ ಇಡಬೇಕು ಎಂಬ ಅನುಕ್ರಮ ಏನನ್ನು ಇಡಬೇಕು ಎಂಬುದರಷ್ಟೇ ಮುಖ್ಯ.

ಹಾಗಾಗಿ ಚೊಕ್ಕಟತನದ ಆಸೆ ಬಿಟ್ಟು, ಹಳೆಯ ಆಟದ ಇಡೀ ಫೋಲ್ಡರನ್ನು ಕಸಕಡ್ಡಿ ಸಮೇತ ತಂದೆವು. ಒಂದೊಂದು ಮಾರ್ಗದಲ್ಲೂ ಸಾವಿರಾರು ಚಿಕ್ಕ ಫೈಲ್‌ಗಳಿರುವುದರಿಂದ ನೇರವಾಗಿ ಎಳೆದು ಹಾಕಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಮೊದಲು ಒಂದೇ ಗಂಟಾಗಿ ಜಿಪ್ ಮಾಡಿ ಸಾಗಿಸುವುದು ಲೇಸು. ಪೆನ್ ಡ್ರೈವ್ ಹಳೆಯ ಫ್ಯಾಟ್-32 ಮಾದರಿಯದಾಗಿದ್ದರೆ 4 ಜಿ.ಬಿ.ಗಿಂತ ದೊಡ್ಡ ಗಂಟು ಅದರಲ್ಲಿ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಯುಪಿಎಸ್ ಕೈಕೊಟ್ಟರೆ ಅರ್ಧ ಬರೆದ ಫೈಲ್ ಹೊರನೋಟಕ್ಕೆ ಪೂರ್ತಿ ಫೈಲಿನಂತೆಯೇ ಕಾಣುತ್ತದೆ, ಹೆಸರು ಸರಿ, ಒಳಗೆ ಟೊಳ್ಳು. ವಿಂಡೋಸಿನಲ್ಲೇ ಇರುವ, ಕಾಪಿ ಮಾಡುವ ‘ರೋಬೋಕಾಪಿ’ ಎಂಬ ಆದೇಶ ನಿಂತಲ್ಲಿಂದ ಮುಂದುವರಿಸುವುದನ್ನು ಬಲ್ಲದು. ಮುಗಿದ ಮೇಲೆ ಎರಡೂ ಕಡೆಯ ಫೈಲ್‌ಗಳ ಸಂಖ್ಯೆ ಮತ್ತು ಗಾತ್ರವನ್ನು ಹೋಲಿಸದೆ ಹಳೆಯದನ್ನು ಅಳಿಸುವ ಮಾತೇ ಬೇಡ.

ವಿಂಡೋಸ್ ಬಚ್ಚಿಟ್ಟದ್ದು

ಎಲ್ಲವನ್ನೂ ತಂದ ಮೇಲೂ ನಾನು ಬರೆದಿದ್ದ ಓಡಾಟಗಳಲ್ಲಿ ಬಹಳಷ್ಟು ಕಾಣಲಿಲ್ಲ. ಓಡಾಟವೆಂದರೆ ಮಳೆಯ ರಾತ್ರಿ ಗೂಡ್ಸ್ ಗಾಡಿಯನ್ನು ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸಿ ಘಾಟಿ ಹತ್ತಿಸುವುದು, ಕಡಗರವಳ್ಳಿಯಲ್ಲಿ ಎದುರು ಗಾಡಿಗೆ ದಾರಿ ಕೊಡುವುದು, ಇಂಥವು. ಹಳೆಯ ಯಂತ್ರದಲ್ಲಿ ಮೂಲ ಆಟವನ್ನು ತೆರೆದರೆ ಎಲ್ಲವೂ ಪಟ್ಟಿಯಲ್ಲಿವೆ. ಅದೇ ಯಂತ್ರದ ಫೋಲ್ಡರಿನಲ್ಲಿ ಹುಡುಕಿದರೆ ಇಲ್ಲ. ಭೂತಚೇಷ್ಟೆಯಂತೆ ಕಂಡ ಇದಕ್ಕೆ ಉತ್ತರ ವಿಂಡೋಸಿನ ಒಂದು ಹಳೆಯ ಏರ್ಪಾಟಿನಲ್ಲಿದೆ. ವಿಸ್ತಾ ಆವೃತ್ತಿಯಿಂದ ಈಚೆಗೆ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನೊಳಗೆ ಸಾಮಾನ್ಯ ಬಳಕೆದಾರನ ಅನುಮತಿಯಲ್ಲಿ ಯಾರೂ ಬರೆಯುವಂತಿಲ್ಲ. ಆದರೆ ಅದಕ್ಕಿಂತ ಹಿಂದಿನ ತಂತ್ರಾಂಶಗಳಿಗೆ ಈ ನಿಯಮ ಗೊತ್ತಿಲ್ಲವಲ್ಲ. ಅವು ಬರೆಯಲು ಹೋದಾಗ ವಿಂಡೋಸ್ ಬೇಡವೆನ್ನದೆ, ಆ ಫೈಲನ್ನು ಗುಟ್ಟಾಗಿ ಬಳಕೆದಾರನ ಖಾತೆಯೊಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಮರೆಯ ಫೋಲ್ಡರಿಗೆ ಕಳುಹಿಸಿ, ಪ್ರೋಗ್ರಾಂ ಫೈಲ್ಸ್ ಒಳಗೇ ಬರೆದೆ ಎಂಬ ಭ್ರಮೆಯನ್ನು ಆ ತಂತ್ರಾಂಶಕ್ಕೆ ಕೊಡುತ್ತದೆ. ಆಟಕ್ಕೆ ಎರಡೂ ಸೇರಿ ಒಂದೇ ಎಂಬಂತೆ ಕಾಣುತ್ತದೆ. ಕಾಪಿ ಮಾಡಲು ಹೋದ ಮನುಷ್ಯನಿಗೆ ಮಾತ್ರ ಒಂದೇ ಅರ್ಧ ಕಾಣುತ್ತದೆ. ಅಳಿಯ ಅದನ್ನು ಹುಡುಕಿ ತೆರೆದಾಗ, ನಾನು ತಿದ್ದಿದ ಎಂಜಿನ್ ಫೈಲ್‌ಗಳು, ಗಾಡಿಗಳ ಪಟ್ಟಿಗಳು, ವರ್ಷಗಳ ಓಡಾಟಗಳು ಎಲ್ಲ ಅಲ್ಲಿ ಸಾಲಾಗಿ ಕುಳಿತಿದ್ದವು.

ಹಳೆಯ ಆಟವಿರುವ ಯಾರಾದರೂ ಕಂಪ್ಯೂಟರ್ ಬದಲಿಸುವವರಿದ್ದರೆ ನಾನು ಮೊದಲು ಹೇಳುವುದು ಇದನ್ನೇ: ಹಳೆಯದನ್ನು ಮಾರುವ ಮುನ್ನ, ಫಾರ್ಮ್ಯಾಟ್ ಮಾಡುವ ಮುನ್ನ ವರ್ಚುವಲ್‌ಸ್ಟೋರ್ ನೋಡಿ. ಹೊಸದರಲ್ಲಿ ಆಟದ ಸಾಮಗ್ರಿಯನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಲೇಬೇಡಿ. ಡಿ ಡ್ರೈವಿನಲ್ಲಿ ನೇರವಾಗಿ, ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಇಡಿ. ಫೈಲಿನ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಅನೇಕ ತಂತ್ರಾಂಶಗಳು ಮುಗ್ಗರಿಸುತ್ತವೆ, ಆದ್ದರಿಂದ ಚಿಕ್ಕ ಹೆಸರು. ಆಮೇಲೆ ಓಪನ್ ರೈಲ್ಸಿನ ಆಯ್ಕೆಗಳಲ್ಲಿ ಆ ಫೋಲ್ಡರನ್ನು ತೋರಿಸಬೇಕು, ಏಕೆಂದರೆ ಅದರ ಸೆಟ್ಟಿಂಗ್‌ಗಳು ವಿಂಡೋಸ್ ತನ್ನ ಲೆಕ್ಕ ಬರೆದಿಡುವ ರಿಜಿಸ್ಟ್ರಿಯಲ್ಲಿರುತ್ತವೆ, ಫೋಲ್ಡರಿನ ಜೊತೆ ಬರುವುದಿಲ್ಲ. ನಡುವೆ ನಿಲ್ಲಿಸಿ ಉಳಿಸಿಟ್ಟ ಆಟಗಳು ಇನ್ನೂ ಒಂದು ಕಡೆ, ಬಳಕೆದಾರನ ‘ಆ್ಯಪ್‌ಡೇಟಾ’ದೊಳಗೆ, ಅವನ್ನು ತಂದರೂ ಓಪನ್ ರೈಲ್ಸಿನ ಆವೃತ್ತಿ ಬದಲಾಗಿದ್ದರೆ ತೆರೆಯುವ ಖಾತರಿಯಿಲ್ಲ. ನಾನು ಅವನ್ನು ತರುವ ಗೋಜಿಗೆ ಹೋಗಲಿಲ್ಲ. ಅರ್ಧ ದಾರಿಯಲ್ಲಿ ನಿಂತ ಗಾಡಿಯನ್ನು ಸಕಲೇಶಪುರದಿಂದ ಮತ್ತೆ ಹೊರಡಿಸಿದರೆ ನಷ್ಟವೇನು?

ಏನು ಬಂದಿದೆ, ಏನು ಬಂದಿಲ್ಲ ಎಂದು ತಿಳಿಯಲು ಓಪನ್ ರೈಲ್ಸ್ ಪ್ರತಿ ಓಟಕ್ಕೂ ಬರೆದಿಡುವ ಲಾಗ್ ಫೈಲಿನಷ್ಟು ನಂಬಿಕಸ್ಥ ಸಾಕ್ಷಿ ಇನ್ನೊಂದಿಲ್ಲ. ಕಾಣೆಯಾದ ಬೋಗಿಯನ್ನು ಅದು ಸದ್ದಿಲ್ಲದೆ ಬಿಟ್ಟು ಗಾಡಿಯನ್ನು ಓಡಿಸಿಬಿಡುತ್ತದೆ; ನೋಡುವವನಿಗೆ ಗಾಡಿ ಸ್ವಲ್ಪ ಗಿಡ್ಡವಾದಂತೆ ಅನ್ನಿಸಬಹುದು ಅಷ್ಟೆ. ಲಾಗ್ ತೆರೆದರೆ ಒಂದೊಂದರ ಹೆಸರೂ ಇರುತ್ತದೆ.

ಕೊಟ್ಟವರ ಮಾತು

ಆ ಹೆಸರುಗಳನ್ನು ಹಿಡಿದು ಹುಡುಕುತ್ತ ಹೋದಾಗ ಎದುರಾದದ್ದು ಇನ್ನೊಂದು ಬಗೆಯ ಪ್ರಶ್ನೆ. ಉಚಿತವಾಗಿ ಹಂಚಿದ ಪ್ರತಿಯೊಂದು ಎಂಜಿನ್ನಿನ ಜೊತೆಗೂ ಮಾಡಿದವರು ಬರೆದ ಪುಟ್ಟ ಟಿಪ್ಪಣಿಯಿರುತ್ತದೆ. ಯಾರೂ ಓದದ ಆ ಟಿಪ್ಪಣಿಗಳನ್ನು ಈ ಸಲ ಕುಳಿತು ಓದಿದೆ. ಬಣ್ಣ ಒದಗಿಸಿದವರು ಇಂಥವರು, ಚಕ್ರಗಳನ್ನು ಕೊಟ್ಟವರು ಇಂಥವರು, ಅವರಿಗೆ ವಂದನೆಗಳು, ಇದನ್ನು ಮಾರಕೂಡದು, ಬೇರೆ ಕಡೆ ಹಾಕುವ ಮುನ್ನ ನನ್ನನ್ನು ಕೇಳಿ, ಎಂದು ಕೆಳಗೆ ಒಂದು ಇಮೇಲ್ ವಿಳಾಸ. ಆ ವಿಳಾಸಗಳಲ್ಲಿ ಅನೇಕವು ಈಗ ಮುಚ್ಚಿಹೋದ ಸೇವೆಗಳವು. ಕೇಳಿ ಎಂದವರು ಕೇಳುವುದಕ್ಕೆ ಸಿಗುವುದಿಲ್ಲ.

ಮೂಲ ಆಟದ ಮಾರ್ಗಗಳಿಂದ ಸಾಮಾನು ಎರವಲು ಪಡೆದವರು ಇನ್ನೂ ನಾಜೂಕಾಗಿ ನಡೆದುಕೊಂಡಿದ್ದರು. ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗದ ಕಲ್ಲುಗೋಡೆಯೋ ಆಸ್ಟ್ರಿಯಾದ ಇನ್ಸ್‌ಬ್ರುಕ್ ಮಾರ್ಗದ ಮರವೋ ತಮ್ಮ ಮಾರ್ಗಕ್ಕೆ ಬೇಕಾದರೆ, ಕಂಪನಿಯ ಸ್ವತ್ತನ್ನು ತಾವು ಹಂಚುವುದು ಸರಿಯಲ್ಲವೆಂದು ಆ ಫೈಲ್‌ಗಳನ್ನು ಕೊಡುತ್ತಿರಲಿಲ್ಲ. ಬದಲಿಗೆ, ನಮ್ಮ ಕಂಪ್ಯೂಟರಿನಲ್ಲೇ ಇರುವ ಮೂಲ ಆಟದಿಂದ ಅವನ್ನು ಎತ್ತಿ ತರುವ ‘ಇನ್‌ಸ್ಟಾಲ್‌ಮಿ’ ಎಂಬ ಸಣ್ಣ ಆದೇಶದ ಫೈಲನ್ನು ಕೊಡುತ್ತಿದ್ದರು. ದುಡ್ಡು ಕೊಟ್ಟು ಸಿ.ಡಿ. ಕೊಂಡವನಿಗೆ ಮಾತ್ರ ಮಾರ್ಗ ಪೂರ್ತಿಯಾಗುತ್ತಿತ್ತು. ಯಾರೂ ಕಾವಲಿಲ್ಲದ ಕಡೆ ತಾವಾಗಿ ಹಾಕಿಕೊಂಡ ಈ ಕಟ್ಟುಪಾಡನ್ನು ಕಂಡು ನನಗೆ ಆ ಜನರ ಮೇಲೆ ಗೌರವ ಹೆಚ್ಚಿತು. ಕಷ್ಟವೂ ಅದರಿಂದಲೇ: ಸಿ.ಡಿ. ಹಾಕುವ ಡ್ರೈವಿಲ್ಲದ, ಸಿ.ಡಿ.ಯನ್ನೇ ನೋಡಿರದ ಹೊಸಬನಿಗೆ ಆ ಮಾರ್ಗಗಳು ಇನ್ನು ಮುಂದೆ ಅರೆಬರೆಯೇ.

ನನ್ನದೇ ಕಂಪ್ಯೂಟರಿನಿಂದ ನನ್ನದೇ ಇನ್ನೊಂದಕ್ಕೆ ಸಾಗಿಸುವುದರಲ್ಲಿ ಯಾರ ಅನುಮತಿಯ ಪ್ರಶ್ನೆಯೂ ಇಲ್ಲ. ಆದರೆ ಅಳಿಯನ ಹಾಸ್ಟೆಲಿನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, ಇಡೀ ಫೋಲ್ಡರನ್ನೇ ಕೊಡಿ ಎಂದ. ಅಳಿಯನ ವಾದ ತೂಕದ್ದೇ. “ಮಾವ, ಅವರು ಸಿಗೋದಿಲ್ಲ, ಅವರ ಸೈಟೂ ಇಲ್ಲ. ನಿಮ್ಮ ಡಿಸ್ಕ್ ಕೆಟ್ಟರೆ ಆ ಎಂಜಿನ್ ಲೋಕದಲ್ಲೇ ಇಲ್ಲ. ಕೊಡದೆ ಇಟ್ಟುಕೊಂಡು ಏನು ಉಳಿಸಿದ ಹಾಗಾಯಿತು?” ನಾನು ಇದಕ್ಕೆ ಪೂರ್ತಿ ಉತ್ತರ ಹೇಳಲಾರೆ. ಮಾರಬಾರದು ಎಂದಷ್ಟೇ ಬರೆದವರದನ್ನು ಗೆಳೆಯನಿಗೆ ಕೊಡಬಹುದು ಎಂದು ಒಪ್ಪುತ್ತೇನೆ. ಕೇಳದೆ ಕೊಡಬೇಡಿ ಎಂದವರದನ್ನು, ಅವರು ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೊಡುವುದು ನನಗೆ ಒಗ್ಗುವುದಿಲ್ಲ. ಹಾಗೆಯೇ, ಅಷ್ಟು ಬಿಗಿಯಾಗಿ ಹಿಡಿದವರ ಕೆಲಸವೇ ಮೊದಲು ಕಣ್ಮರೆಯಾಗುತ್ತಿದೆ ಎಂಬುದೂ ನನ್ನ ಕಣ್ಣಿಗೆ ಬೀಳದೆ ಇಲ್ಲ. ನನ್ನ ಘಾಟಿ ಮಾರ್ಗದ ಟಿಪ್ಪಣಿಯಲ್ಲಿ ಈಗ ಹೊಸದಾಗಿ ಒಂದು ಸಾಲು ಸೇರಿಸಿದ್ದೇನೆ: ನಾನು ಮಾಡಿದ ಭಾಗವನ್ನು ಯಾರು ಬೇಕಾದರೂ ಕೇಳದೆ ಹಂಚಬಹುದು, ತಿದ್ದಬಹುದು, ಮಾರುವುದು ಮಾತ್ರ ಬೇಡ.

ಆ ಹುಡುಗನಿಗೆ ಕೊಟ್ಟದ್ದು ಅಷ್ಟನ್ನೇ: ನಾನು ಕಟ್ಟಿದ ಮಾರ್ಗ, ನಾನು ಬರೆದ ಓಡಾಟಗಳು, ಕೊಡಬಹುದಾದ ಎಂಜಿನ್‌ಗಳು. ಹಳಿಗಳೂ ಉಳಿದ ಬೋಗಿಗಳೂ ಎಲ್ಲಿ ಸಿಗುತ್ತವೆ, ಯಾವುದನ್ನು ಮೊದಲು ಹಾಕಬೇಕು ಎಂದು ಕನ್ನಡದಲ್ಲೇ ಒಂದು ಪಟ್ಟಿ ಬರೆದು ಜೊತೆಗಿಟ್ಟಿದ್ದೇನೆ. ಮೊನ್ನೆ ಅವನು ಸಂದೇಶ ಕಳುಹಿಸಿದ್ದ, ಎಡಕುಮೇರಿಯ ಬಳಿಯ ಒಂದು ಸೇತುವೆಯ ಕಂಬ ನೆಲಕ್ಕೆ ತಾಗಿಲ್ಲವಂತೆ, ತಿದ್ದಲೇ ಎಂದು. ತಿದ್ದಿ, ತಿದ್ದಿದ ಚೌಕದ ಫೈಲನ್ನು ನನಗೂ ಕಳುಹಿಸು ಎಂದು ಬರೆದಿದ್ದೇನೆ.